ಗರಿಕೆ ಯಾವುದು, ಕಾಡುರಾಗಿ ಯಾವುದು

ಅಕ್ಕಾ, ಒಂದ್ನಿಮಿಷ. ಗಣಪತಿಗೆ ಅಂತ ಕೀಳ್ತಿದ್ದೀರಲ್ಲ, ಆ ಮೂಲೇಲಿರೋದು ಗರಿಕೆ ಅಲ್ಲ, ಕಾಡುರಾಗಿ. ಎರಡಕ್ಕೂ ತೆನೆ ಕೈಬೆರಳು ಬಿಡಿಸಿದ ಹಾಗೇ ಇರುತ್ತೆ, ಅದಕ್ಕೇ ಮೊದಲು ಬುಡ ನೋಡಬೇಕು. ಗರಿಕೆ ನೆಲದ ಮೇಲೆ ಹಬ್ಬುತ್ತೆ, ಗೆಣ್ಣುಗೆಣ್ಣಲ್ಲೂ ಬೇರು ಬಿಡುತ್ತೆ. ಇದು ಒಂದೇ ಕಡೆ ಪೊದೆಯಾಗಿ ಕೂತಿದೆ. ಬುಡ ಮುಟ್ಟಿ ನೋಡಿ, ಚಪ್ಪಟೆ, ಬೆಳ್ಳಗಿದೆ. ಎಳೆದರೂ ಸಲೀಸಾಗಿ ಬರಲ್ಲ.

ಕಾಂಪೌಂಡ್ ಪಕ್ಕ ಇನ್ನೊಂದಿದೆ. ಅದೂ ಗರಿಕೆ ಹಾಗೆ ಗೆಣ್ಣಲ್ಲಿ ಬೇರು ಬಿಟ್ಟು ಹಬ್ಬೋದರಿಂದ ಬುಡ ನೋಡಿ ಹೇಳೋಕಾಗಲ್ಲ. ತೆನೆ ತುದಿ ನೋಡಿ: ಕಾಳು ಮುಗಿದ ಮೇಲೂ ಕಡ್ಡಿ ಮುಂದಕ್ಕೆ ಚಾಚಿ, ಚೂಪಾಗಿ, ಬರಿದಾಗಿ ನಿಂತಿದೆ. ಗರಿಕೆಗೂ ಕಾಡುರಾಗಿಗೂ ಆ ಮೊನೆ ಇಲ್ಲ. ಶಾಸ್ತ್ರದ ಹೆಸರಲ್ಲಿ ಇದು ಡಾಕ್ಟಿಲೊಕ್ಟೀನಿಯಂ, ಗರಿಕೆ ಸೈನೊಡಾನ್, ಕಾಡುರಾಗಿ ಎಲ್ಯುಸಿನೆ ಇಂಡಿಕಾ. ನಿಮ್ಮ ಮಗ ಮೊಬೈಲಲ್ಲಿ ಫೋಟೋ ಹೊಡೆದು ಹೆಸರು ಕೇಳ್ತಾನಲ್ಲ, ಮೇಲಿಂದ ತೆಗೆದ ಬರೀ ಹಸಿರು ಎಲೆ ಸಾಲದು. ಬೇರು ಸಮೇತ ಕಿತ್ತು, ತೆನೆ ಇಟ್ಟುಕೊಂಡು, ಭೂತಗನ್ನಡಿ ಹಿಡಿಯೋಕೆ ಹೇಳಿ.

ನನಗೆ ನಿಜವಾಗಿ ಬೆರಗು ಅನ್ನಿಸೋದು ರಾಗಿಹೊಲದಲ್ಲಿ ಕಳೆ ತೆಗೆಯೋ ಹೆಂಗಸರನ್ನ ಕಂಡರೆ. ಅಲ್ಲಿ ತೆನೆಯೇ ಬಂದಿರಲ್ಲ. ರಾಗಿ ಪೈರು, ಕಾಡುರಾಗಿ ಸಸಿ ಒಂದೇ ಸಾಲಲ್ಲಿ, ಒಂದೇ ಎತ್ತರಕ್ಕೆ ನಿಂತಿರುತ್ವೆ. ಬಗ್ಗಿದ ಕಡೆ ಬುಡ ನೋಡಿ, ಬೇಕಾದ್ದನ್ನ ಬಿಟ್ಟು ಬೇಡದ್ದನ್ನೇ ಕೀಳ್ತಾರೆ. ಅದಕ್ಕಿಂತ ದೊಡ್ಡ ಸಸ್ಯಶಾಸ್ತ್ರ ನನಗೆ ಗೊತ್ತಿಲ್ಲ ಅಕ್ಕಾ. ತೆನೆ ಬಂದಮೇಲೆ ಯಾರು ಬೇಕಾದ್ರೂ ಹೇಳ್ತಾರೆ: ರಾಗಿ ಇಲುಕು, ಅಂದ್ರೆ ತೆನೆಯ ಬೆರಳು, ದಪ್ಪ, ಕಾಳು ಉರುಟು, ಬಲಿತರೂ ತೆನೇಲೇ ಕೂತಿರುತ್ತೆ. ಕಾಡುರಾಗಿ ಇಲುಕು ಸಣ್ಣ, ಬೀಜ ಉದ್ದುದ್ದ, ಮೈಯೆಲ್ಲ ಸುಕ್ಕು, ಬಲಿತರೆ ಉದುರಿಹೋಗುತ್ತೆ. ಉದುರದೆ ನಿಂತ ಕಾಳಿದ್ದದ್ದಕ್ಕೇ ಮನುಷ್ಯ ಕೊಯ್ದು ಮನೆಗೆ ತರೋಕಾಯ್ತು.

ಈ ಕಾಡುರಾಗಿಯೇ ನಮ್ಮ ರಾಗಿಯ ತಾಯಿ ಅಂತ ಬಹಳ ಕಾಲ ನಂಬಿದ್ರು. ಆದ್ರೆ ವರ್ಣತಂತು ಎಣಿಸಿದರೆ ಕಾಡುರಾಗಿಗೆ 18, ರಾಗಿಗೆ 36. ರಾಗಿಯ ನೇರ ಹಿರೀಕ ಆಫ್ರಿಕಾದ ಎಲ್ಯುಸಿನೆ ಆಫ್ರಿಕಾನಾ, ಅದಕ್ಕೂ 36. ಆದರೂ ಹಳಬರ ಮಾತು ಪೂರ್ತಿ ಸುಳ್ಳಾಗಲಿಲ್ಲ, ಯಾಕಂದ್ರೆ ಆ ಆಫ್ರಿಕಾದ ಹುಲ್ಲಿಗೆ ತಾಯಿ ಕಡೆಯ ಪಾಲು ಬಂದಿರೋದು ಇಂಡಿಕಾದಿಂದಲೇ. ಅಂದ್ರೆ ನಿಮ್ಮ ಕೈಲಿರೋದು ರಾಗಿಯ ಅಮ್ಮ ಅಲ್ಲ, ಅಜ್ಜಿ. ಮಂಡ್ಯದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ಅನ್ನೋ ರಾಗಿ ತಳಿಗಳನ್ನ ತಂದದ್ದೂ ಆಫ್ರಿಕಾದ ರಾಗಿಯನ್ನ ನಮ್ಮ ರಾಗಿ ಜೊತೆ ಕೂಡಿಸಿಯೇ.

ವರ್ಣತಂತುಗಳ ಸಂಖ್ಯೆ ಬೇರೆ ಇರೋದರಿಂದ ನಮ್ಮ ಹೊಲದಲ್ಲಿ ಕಾಡುರಾಗಿ ರಾಗಿ ಜೊತೆ ಬೆರೆಯೋದು ಕಷ್ಟ. ಪೂರ್ವ ಆಫ್ರಿಕಾದಲ್ಲಿ ಹಾಗಲ್ಲ, ಅಲ್ಲಿ ಕಾಡಿನ ಆಫ್ರಿಕಾನಾಗೂ ನಾಡಿನ ರಾಗಿಗೂ ಸಂಖ್ಯೆ ಒಂದೇ, ಅವೆರಡೂ ಕೂಡಿ ನಡುವಿನ ಬಗೆಯ ಗಿಡಗಳು ಹೊಲದಲ್ಲೇ ಏಳುತ್ವೆ. ಬುಡ ನೋಡಿದರೂ ಇದು ಯಾವ ಕಡೆಯದು ಅಂತ ಹೇಳೋದು ಅಲ್ಲಿನ ಹೆಂಗಸರಿಗೆ ಇನ್ನೂ ಕಷ್ಟದ ಕೆಲಸ.