ರೋಗನಿರೋಧಕ ಶಕ್ತಿಗೊಂದು ಬಹಿರಂಗ ಪತ್ರ

ಪ್ರಿಯ ರೋಗನಿರೋಧಕ ಶಕ್ತಿಯೇ,

ಕೊರೊನಾ ಬಂದುಹೋದ ಮೇಲೆ ನಿನ್ನ ಹೆಸರು ಎಲ್ಲರ ಬಾಯಲ್ಲಿದೆ. ಕಷಾಯದ ಪುಡಿ, ಚ್ಯವನಪ್ರಾಶ, ಮಕ್ಕಳ ಹಾಲಿಗೆ ಬೆರೆಸುವ ಪುಡಿ, ಎಲ್ಲದರ ಡಬ್ಬಿಯ ಮೇಲೂ ನಿನ್ನನ್ನು ಹೆಚ್ಚಿಸುವ ಭರವಸೆ. ನಾನು ಬರೆಯುತ್ತಿರುವುದು ನೀನು ಹೆಚ್ಚಾಗಲಿ ಎಂದಲ್ಲ. ನೀನು ಜೋರಾಗಿ ಕೆಲಸ ಮಾಡಿದ್ದರಿಂದಲೇ ಹಾಳಾದ ಹೃದಯಗಳ ಬಗ್ಗೆ ನಿನ್ನೊಡನೆ ಮಾತಾಡಬೇಕಾಗಿದೆ.

ಹತ್ತು ವರ್ಷದ ಹುಡುಗಿಗೆ ಗಂಟಲು ನೋವು, ಎರಡು ದಿನ ಜ್ವರ. ಉಪ್ಪುನೀರು ಮುಕ್ಕಳಿಸಿ, ಮೆಣಸಿನ ಕಷಾಯ ಕುಡಿದು ವಾಸಿಯಾಯಿತು. ಎರಡು ಮೂರು ವಾರದ ಮೇಲೆ ಮಂಡಿ ಊದಿತು, ಹೊದಿಕೆ ತಾಗಿದರೂ ಅಳು. ನಾಲ್ಕು ದಿನಕ್ಕೆ ಮಂಡಿ ಬಿಟ್ಟು ಪಾದದ ಗಂಟು, ಆಮೇಲೆ ಮೊಣಕೈ. ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ಕಳೆದ ಮೇಲೆ ಕೈಕಾಲು ತಾವಾಗಿಯೇ ಕುಣಿಯತೊಡಗುತ್ತವೆ. ಲೋಟ ಕೈಜಾರುತ್ತದೆ, ಅಕ್ಷರ ಸೊಟ್ಟಗಾಗುತ್ತದೆ, ಮೇಷ್ಟ್ರು ಬೈಯುತ್ತಾರೆ. ಬೆಳೆಯುವ ಮಕ್ಕಳ ಕಾಲುನೋವು ಎಂದು ಮನೆಯಲ್ಲಿ ಎಣ್ಣೆ ಹಚ್ಚುತ್ತಾರೆ. ನೋವು ತಾನಾಗಿಯೇ ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ನೀನು ಮಾತ್ರ ಮರೆಯುವುದಿಲ್ಲ.

ಗಂಟಲಿಗೆ ಬಂದದ್ದು ಎ ಗುಂಪಿನ ಸ್ಟ್ರೆಪ್ಟೊಕಾಕಸ್. ಅದರ ಮೈಮೇಲಿರುವ ಎಂ ಪ್ರೋಟೀನ್ ನಮ್ಮ ಹೃದಯದ ಮಯೋಸಿನ್ ಪ್ರೋಟೀನನ್ನು ಹೋಲುತ್ತದೆ. ನೀನು ಆ ಬ್ಯಾಕ್ಟೀರಿಯಾಕ್ಕೆಂದು ತಯಾರಿಸಿದ ಪ್ರತಿಕಾಯಗಳು ಹೃದಯದ ಕವಾಟದ ಒಳಪದರಕ್ಕೂ ಹೋಗಿ ಅಂಟುತ್ತವೆ. ಕೆರಳಿದ ಆ ಪದರ ವಿಕ್ಯಾಮ್-1 ಎಂಬ ಅಣುವನ್ನು ಹೊರಚಾಚುತ್ತದೆ. ರಕ್ತದಲ್ಲಿ ಹಾದುಹೋಗುತ್ತಿದ್ದ ಟಿ ಕೋಶಗಳು ಅದನ್ನು ಹಿಡಿದು ಒಳನುಗ್ಗುತ್ತವೆ. ನುಗ್ಗಿದವು ಇಂಟರ್‌ಫೆರಾನ್ ಗಾಮಾ, ಟಿಎನ್ಎಫ್ ಎಂಬ ಸಂಕೇತಗಳನ್ನು ಹೊರಡಿಸಿ ಇನ್ನಷ್ಟು ಕೋಶಗಳನ್ನು ಕರೆಸಿಕೊಳ್ಳುತ್ತವೆ. ಉರಿಯೂತವನ್ನು ತಗ್ಗಿಸುವ ಸಂಕೇತವೂ ನಿನ್ನ ಹತ್ತಿರ ಇದೆ, ಇಂಟರ್‌ಲ್ಯೂಕಿನ್-4. ಬ್ರೆಜಿಲ್‌ನ ಸಾವೊ ಪಾಲೊ ಸಂಶೋಧಕರು ರೋಗಿಗಳ ಅಂಗಾಂಶ ಪರೀಕ್ಷಿಸಿ ನೋಡಿದಾಗ, ಅದನ್ನು ಸ್ರವಿಸುವ ಕೋಶಗಳು ಹೃದಯದ ಸ್ನಾಯುವಿನಲ್ಲಿ ಬೇಕಾದಷ್ಟಿದ್ದವು, ಕವಾಟದಲ್ಲಿ ತೀರಾ ಕಡಿಮೆ ಇದ್ದವು. ಸ್ನಾಯು ಚೇತರಿಸಿಕೊಂಡರೂ ಕವಾಟ ಕೆಡುತ್ತಲೇ ಹೋಗುವುದಕ್ಕೆ ಇದೊಂದು ಕಾರಣವಿರಬಹುದು ಎಂಬುದು ಅವರ ಲೆಕ್ಕಾಚಾರ. ನಿಲ್ಲಿಸು ಎಂಬ ಮಾತು ತಲುಪಲೇಬೇಕಾದ ಜಾಗಕ್ಕೆ ತಲುಪಲಿಲ್ಲ. ನಿನ್ನ ಮೇಲೆ ನನಗಿರುವ ದೂರು ಇದೊಂದೇ.

ಹೀಗೆ ಕವಾಟ ಕೆಡುವ ಕಾಯಿಲೆಯೇ ರುಮ್ಯಾಟಿಕ್ ಹೃದ್ರೋಗ. ನಮ್ಮಕ್ಕನಿಗೆ ಅದು ಗೊತ್ತಾದದ್ದು ಬಸುರಿಯಾದಾಗ. ಏಳನೇ ತಿಂಗಳಲ್ಲಿ ಅಂಗಾತ ಮಲಗಲಾರದೆ, ಗೋಡೆಗೆ ದಿಂಬು ಒರಗಿಸಿ ರಾತ್ರಿಯೆಲ್ಲ ಕೂತಿರುತ್ತಿದ್ದಳು. ಬಸುರಿಯರಿಗೆ ಏದುಸಿರು ಇದ್ದದ್ದೇ ಎಂದರು ಹಿರಿಯರು. ಹೃದಯದ ಎಕೋ ಸ್ಕ್ಯಾನ್ ಮಾಡಿಸಿದಾಗ ಮೈಟ್ರಲ್ ಕವಾಟ ಮೀನಿನ ಬಾಯಿಯಷ್ಟೇ ತೆರೆಯುತ್ತಿತ್ತು. ಆರೋಗ್ಯವಂತರಲ್ಲಿ ಅದು ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ಒಂದೂವರೆಗಿಂತ ಕಡಿಮೆಯಾದರೆ ಕಾಯಿಲೆ ತೀವ್ರವಾದಂತೆ. ಬಸಿರಿನಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಅಷ್ಟೂ ಆ ಸಂದಿಯಲ್ಲೇ ಹಾಯಬೇಕು. ಆಗ ಬಲೂನ್ ಹಾಕಿ ಕವಾಟ ಅಗಲ ಮಾಡಿದರು. ಆ ಬಲೂನನ್ನು ಬಳಕೆಗೆ ತಂದವರು ಜಪಾನಿನ ಕಾಂಜಿ ಇನೌಯೆ, ಕೈಮುಗಿಯಬೇಕು. ವರ್ಷಗಳಾದ ಮೇಲೆ ಕವಾಟವನ್ನೇ ಬದಲಿಸಬೇಕಾಯಿತು. ಈಗ ಅವಳ ಎದೆಯಲ್ಲಿರುವುದು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ವಲಿಯತ್ತಾನ್ ಅವರ ತಂಡ ರೂಪಿಸಿದ ಚಿತ್ರಾ ವಾಲ್ವ್. ಆಮದು ಕವಾಟಕ್ಕೆ ದುಡ್ಡಿಲ್ಲದ ಇಂಥ ರೋಗಿಗಳಿಗಾಗಿಯೇ ಹುಟ್ಟಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯನ ಎದೆ ಸೇರಿದ ಕವಾಟ ಅದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5.5 ಕೋಟಿ ಜನರಿಗೆ ರುಮ್ಯಾಟಿಕ್ ಹೃದ್ರೋಗವಿದೆ, ವರ್ಷಕ್ಕೆ ಸುಮಾರು 3.6 ಲಕ್ಷ ಮಂದಿ ಸಾಯುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಮರೆಯಾಗಿದೆ. ಉಳಿದಿರುವುದು ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಲ್ಲಿ, ಒಬ್ಬರ ಕೆಮ್ಮು ಇನ್ನೊಬ್ಬರ ಮುಖಕ್ಕೆ ಬಡಿಯುವಲ್ಲಿ.

ನಿನ್ನನ್ನು ಸುಮ್ಮನಾಗಿಸಲು ವೈದ್ಯರು ಪ್ರಯತ್ನಿಸದೆ ಇಲ್ಲ. ಆಸ್ಪಿರಿನ್, ಸ್ಟೀರಾಯ್ಡ್ ಕೊಟ್ಟರೆ ಜ್ವರ, ಕೀಲುನೋವು ಇಳಿಯುತ್ತವೆ. ಕವಾಟ ಉಳಿಯುತ್ತದೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಈ ಬ್ಯಾಕ್ಟೀರಿಯಾಕ್ಕೆ ಇನ್ನೂ ಲಸಿಕೆ ಬಂದಿಲ್ಲ. ಲಸಿಕೆಯೇ ನಿನ್ನನ್ನು ಹೃದಯದ ಮೇಲೆ ಎತ್ತಿಕಟ್ಟೀತೆಂಬ ಭಯದಲ್ಲಿ ಅಮೆರಿಕ 1979ರಲ್ಲಿ ನಿರ್ಬಂಧವನ್ನೇ ಹೇರಿತ್ತು, ಅದು ತೆರವಾಗಲು ಕಾಲು ಶತಮಾನ ಹಿಡಿಯಿತು.

ಫಲ ಕೊಟ್ಟದ್ದು ನಿನ್ನ ಗೊಡವೆಗೇ ಹೋಗದ ಉಪಾಯ. ಆ ಬ್ಯಾಕ್ಟೀರಿಯಾ ಮತ್ತೆ ಗಂಟಲಿಗೆ ಬಾರದಿದ್ದರೆ ನೀನು ಮತ್ತೆ ಏಳುವುದಿಲ್ಲ. ಅದಕ್ಕೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ರೋಗಿಗಳ ಬಾಯಲ್ಲಿ ಪೆನಿಡ್ಯೂರ್, ದೊಡ್ಡವರಿಗೆ 12 ಲಕ್ಷ ಯೂನಿಟ್. ಬಿಳಿ ಪುಡಿಗೆ ನೀರು ಬೆರೆಸಿದರೆ ಮಂದ ದ್ರವವಾಗುತ್ತದೆ. ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ನಿಧಾನಕ್ಕೆ ಚುಚ್ಚಬೇಕು, ಎರಡು ದಿನ ಕೂರಲಾಗದು. ಉಗಾಂಡಾದಲ್ಲಿ ಲಕ್ಷಣವೇ ಕಾಣದ, ಎಕೋದಲ್ಲಷ್ಟೇ ರೋಗ ಸಿಕ್ಕ 818 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಇಂಜೆಕ್ಷನ್ ಪಡೆದವರಲ್ಲಿ ಶೇ. 0.8ರಷ್ಟು ಮಕ್ಕಳ ಕವಾಟ ಹದಗೆಟ್ಟಿತು, ಪಡೆಯದವರಲ್ಲಿ ಶೇ. 8.2ರಷ್ಟು.

ಇಷ್ಟು ಗೊತ್ತಿದ್ದೂ ಆ ಸೂಜಿ ಸಿಗುವುದು ಕಷ್ಟ. ಅಗ್ಗದ ಔಷಧದಲ್ಲಿ ಲಾಭವಿಲ್ಲವೆಂದು ತಯಾರಿಸುವವರು ಕಡಿಮೆ. ಔಷಧ ಇದ್ದ ಕಡೆ, ರಿಯಾಕ್ಷನ್ ಆದರೆ ಯಾರು ಹೊಣೆ ಎಂದು ಚುಚ್ಚುವವರು ಹಿಂಜರಿಯುತ್ತಾರೆ. ಭಯ ಸುಳ್ಳಲ್ಲ, ಆದರೆ ತೀವ್ರ ಅಲರ್ಜಿ ಅಪರೂಪ. ಕವಾಟ ತೀರಾ ಕೆಟ್ಟವರಿಗೆ ಮಾತ್ರೆಯ ದಾರಿಯೂ ಇದೆ. ಅಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ಮೂರು ಕಡೆ ಇಲ್ಲ ಎನ್ನಿಸಿಕೊಂಡು ತಾಲ್ಲೂಕು ಕೇಂದ್ರದ ತನಕ ಹೋಗಿದ್ದೇನೆ.

ನೀನು ಓದಲಾರೆ, ಗೊತ್ತು. ಓದುವವರು ಕೇಳಿಸಿಕೊಳ್ಳಲಿ ಎಂದೇ ಇದನ್ನು ಬಹಿರಂಗವಾಗಿ ಬರೆದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪೆನಿಡ್ಯೂರ್ ದಾಸ್ತಾನಿರಲಿ. ಪಡೆಯಬೇಕಾದವರ ಹೆಸರು, ತಾರೀಖು ಒಂದು ರಿಜಿಸ್ಟರಿನಲ್ಲಿರಲಿ. ಲಸಿಕೆ ತಪ್ಪಿಸಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಹೋಗುವಂತೆ ಸೂಜಿ ತಪ್ಪಿಸಿದವರ ಮನೆಗೂ ಹೋಗಲಿ. ಮಂಡಿ ಊದಿದ ಮಗುವಿಗೆ ಎಣ್ಣೆ ಹಚ್ಚುವ ಮೊದಲು, ಹೋದ ತಿಂಗಳು ಗಂಟಲು ನೋವಿತ್ತಾ ಎಂದು ಯಾರಾದರೂ ಕೇಳಲಿ.

ಇತಿ,
ಮುಂದಿನ ಸೂಜಿಯ ತಾರೀಖು ಬರೆದಿಟ್ಟುಕೊಂಡಿರುವ ತಮ್ಮ