ಮೊಣಕೈಗೂ ಒಂದು ಮರ್ಯಾದೆ

ಬೆಂಗಳೂರಿನ ತುರಹಳ್ಳಿ ಕಡೆ ಮೌಂಟನ್ ಬೈಕ್ ಹೊಡೆಯುವವರನ್ನು ನೋಡಿ. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಪ್ಯಾಡ್, ಎದೆಗೆ ಕ್ಯಾಮೆರಾ. ಮೊಣಕೈ ಮಾತ್ರ ದೇವರ ಪಾಲು! ಅಲ್ಲಿ ಚರ್ಮದಡಿಯಲ್ಲೇ ಮೂಳೆ. ಪಕ್ಕದಲ್ಲಿ ಅಲ್ನಾರ್ ನರ. ತಾಗಿತೋ, ಕಿರುಬೆರಳ ತುದಿವರೆಗೆ ಕರೆಂಟು.

ಪ್ಯಾಡ್ ಕೊಳ್ಳುವವರು ಅಂಗಡಿಯ ಕನ್ನಡಿ ಮುಂದೆ ಕೈ ನೇರ ಚಾಚಿ ನಿಂತು ತಲೆದೂಗುತ್ತಾರೆ. ಸೈಕಲ್ಲನ್ನು ಯಾರಾದರೂ ಹಾಗೆ ಓಡಿಸುತ್ತಾರೆಯೇ? ಕೈ ಮಡಚಿ, ಇಲ್ಲದ ಹ್ಯಾಂಡಲ್ ಹಿಡಿದು, ಕಲ್ಲುದಾರಿ ಇಳಿದಂತೆ ಕುಲುಕಾಡಬೇಕು. ಅಂಗಡಿಯವನು ಏನಾದರೂ ಅಂದುಕೊಳ್ಳಲಿ. ಒಳಮಡಿಕೆಯಲ್ಲಿ ಬಟ್ಟೆ ಮುದ್ದೆಗಟ್ಟಿದರೆ ಬೇಡ. ಬೆರಳು ಜೋಮು ಹಿಡಿದರೆ ಬಿಗಿ. ಮಣಿಕಟ್ಟಿಗೆ ಜಾರಿದರೆ ಅದು ಪ್ಯಾಡಲ್ಲ, ಬಳೆ. ಅಂಚಿಗೆ ಸಿಲಿಕೋನ್ ಪಟ್ಟಿ ಇದ್ದರೆ ಅಷ್ಟು ಸುಲಭವಾಗಿ ಜಾರದು. ತೋಳು, ಮುಂಗೈ ಎರಡರ ಸುತ್ತಳತೆಯನ್ನೂ ಟೇಪು ಹಿಡಿದು ನೋಡಿ. 'ನನ್ನದು ಮೀಡಿಯಂ' ಎಂಬ ಆತ್ಮವಿಶ್ವಾಸ ಅಂಗಿಗೇ ಇರಲಿ.

ಒಳಗಿನ ವಸ್ತುವೂ ಸ್ವಾರಸ್ಯದ್ದೇ. ಬ್ರಿಟನ್ನಿನ 'ಡಿ3ಒ'ದಂಥವು ಸುಮ್ಮನೆ ಮುಟ್ಟಿದರೆ ಮೆತ್ತಗೆ, ಪೆಟ್ಟು ಬಿದ್ದ ಕ್ಷಣ ಗಟ್ಟಿ. ಸಾಲ ಕೇಳಿದಾಗಿನ ನೆಂಟರ ಹಾಗೆ. ಪ್ಯಾಡಿನ ಮೇಲೆ 'ಇಎನ್ 1621-1' ಎಂದಿರುವುದು ಮೋಟಾರ್‌ಸೈಕಲ್ಲಿನವರಿಗೆಂದು ಯುರೋಪಿನವರು ಮಾಡಿದ ಮಾನಕ. ಅದರಲ್ಲಿ ಲೆವೆಲ್ 2 ಹೆಚ್ಚು ಪೆಟ್ಟು ತಡೆಯುತ್ತದೆ, ನಿಜ. ಆದರೆ ಸೆಕೆಗೆ ಬಿಚ್ಚಿ ಬ್ಯಾಗಿಗೆ ತುರುಕುವುದಾದರೆ ರಕ್ಷಣೆಯೆಲ್ಲ ಬ್ಯಾಗಿಗೇ. ನಮ್ಮ ಮಾಮೂಲಿ ಹಾದಿಗೆ ತೆಳ್ಳಗಿನ ಲೆವೆಲ್ 1 ಸಾಕೆಂಬುದು ನನ್ನ ವಾದ.

ಒಗೆಯುವಾಗ ಒಳಗಿನ ತುಂಡು ಹೊರತೆಗೆಯಲು ಬರುತ್ತದೆಯೇ ಎಂದೂ ಕೇಳಿ. ಬೆವರಿನ ನಾತದಿಂದ ಮನೆಯವರನ್ನು ಕಾಪಾಡುವ ಹೊಣೆಯನ್ನು ಆ ಮಾನಕ ಹೊತ್ತಿಲ್ಲ.