ಏರಿಯಿಲ್ಲದ ನೀರು

ತ್ಯಾವಣಿಗೆ ಕಡೆಯವರ ಮುಂದೆ ಸಮುದ್ರದ ಮಾತೆತ್ತುವಾಗ ಸ್ವಲ್ಪ ಎಚ್ಚರ ಬೇಕು. ಅವರ ಮಗ್ಗುಲಲ್ಲೇ ಸೂಳೆಕೆರೆ ಇದೆ. ಎರಡು ಗುಡ್ಡಗಳ ನಡುವೆ 1,000 ಅಡಿಯೂ ಇಲ್ಲದ ಏರಿ ಕಟ್ಟಿ, ಸುಮಾರು 6,500 ಎಕರೆ ನೀರು ನಿಲ್ಲಿಸಿದ ಕೆರೆ ಅದು. ಶಾಂತಿಸಾಗರ ಎಂಬ ಇನ್ನೊಂದು ಹೆಸರು ಬಿದ್ದ ಮೇಲಂತೂ ಸಾಗರದ ಪಟ್ಟವೂ ಸಿಕ್ಕಿತು. ‘ಏಷ್ಯಾದಲ್ಲೇ ಎರಡನೇದು’ ಎಂದು ಚನ್ನಗಿರಿ ಬಸ್ಸಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲನೆಯದು ಯಾವುದೆಂದು ಕೇಳಿದರೆ ಮಾತು ಅಡಿಕೆ ರೇಟಿನ ಕಡೆ ಹೊರಳುತ್ತದೆ.

ಅಂಥ ಸೀಮೆಯ ಯಜಮಾನರೊಬ್ಬರು ಅಳಿಯನ ಒತ್ತಾಯಕ್ಕೆ ಮುರುಡೇಶ್ವರದಲ್ಲಿ ಮೋಟಾರು ಬೋಟು ಹತ್ತಿದರು. ಹೊರಟದ್ದು ನೇತ್ರಾಣಿಗೆ. ಉತ್ತರ ಕನ್ನಡದ ದಡದಿಂದಾಚೆ, ಕಡಲಲ್ಲಿ ಒಂಟಿಯಾಗಿ ಎದ್ದು ನಿಂತ ಕಲ್ಲಿನ ದ್ವೀಪವದು.

“ಎಷ್ಟು ದೂರ ತಮ್ಮಾ?”

“ಹತ್ತು ನಾಟಿಕಲ್ ಮೈಲಿ,” ಎಂದ ಬೋಟು ನಡೆಸುವ ತಾಂಡೇಲ.

ಯಜಮಾನರು ಬೆರಳು ಮಡಚಿ, 16 ಕಿಲೋಮೀಟರ್ ಎಂದು ತೀರ್ಪು ಕೊಟ್ಟರು. ಕಡಲ ಮೈಲಿ ಉದ್ದ, ಒಂದಕ್ಕೆ 1,852 ಮೀಟರ್, ಹಾಗಾಗಿ 18 ದಾಟುತ್ತದೆ ಎಂದು ಅಳಿಯ ತಿದ್ದಿದ. “ನೀರಿನ ಮೇಲೂ ಅಳತೇಲಿ ಮೋಸ ಐತೇನ್ರಿ?” ಎಂದು ಮಾವನವರು ತಾಂಡೇಲನನ್ನೇ ದಬಾಯಿಸಿದರು.

ಲೆಕ್ಕ ತಿದ್ದಿದ ಅಳಿಯ ಅಲ್ಲಿಂದಾಚೆ ಹೆಚ್ಚು ಮಾತಾಡಲಿಲ್ಲ. ಬೋಟಿನೊಳಗೇ ನೋಡುತ್ತ ಕೂತರೆ ಕಣ್ಣು ಎಲ್ಲವೂ ನೆಟ್ಟಗೆ ನಿಂತಿದೆ ಎಂದು ಸಾಕ್ಷಿ ಹೇಳುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ಅದನ್ನು ಒಪ್ಪುವುದಿಲ್ಲ. ಈ ವ್ಯಾಜ್ಯದಲ್ಲಿ ದಂಡ ಕಟ್ಟುವುದು ಹೊಟ್ಟೆ. ಹಿಂದಿನ ದಿನ ದಾವಣಗೆರೆಯಲ್ಲಿ ತಿಂದ ಬೆಣ್ಣೆದೋಸೆಯ ನೆನಪನ್ನೂ ಅವನಿಗೆ ಸಹಿಸಲಾಗಲಿಲ್ಲ. ದೂರದ ನಿಶ್ಚಲ ವಸ್ತುವನ್ನು ನೋಡುತ್ತಿರುವುದು ಇದಕ್ಕೆ ಹಳೆಯ ಮದ್ದು. ಅದು ಗೊತ್ತಿಲ್ಲದೆಯೇ ಯಜಮಾನರು ದಡದ 123 ಅಡಿ ಶಿವನ ಕಡೆ ಕೈಮುಗಿದು ಕೂತಿದ್ದರು. ಭಕ್ತಿಗೋ ವಿಜ್ಞಾನಕ್ಕೋ, ಅವರ ಕೈಯ ಮಂಡಕ್ಕಿ ಪೊಟ್ಟಣ ಮಾತ್ರ ಖಾಲಿಯಾಗುತ್ತ ಬಂತು.

ಕೆರೆಯವರಿಗೆ ನೀರಿನದೊಂದು ನ್ಯಾಯ ಗೊತ್ತು: ಏರಿ ಕಡೆ ಆಳ, ಅಂಗಳದ ಕಡೆ ತೆಳುವು. ಕಡಲಿಗೆ ಏರಿಯೂ ಇಲ್ಲ, ನ್ಯಾಯವೂ ಇಲ್ಲ. ಹತ್ತಾರು ಅಡಿ ಆಳದ ಪಕ್ಕದಲ್ಲೇ ಬಂಡೆಯೊಂದು ತಲೆಯನ್ನು ಗೇಣಿನಷ್ಟು ಕೆಳಗಿಟ್ಟು ಕಾದಿರಬಹುದು. ಉಬ್ಬರದಲ್ಲಿ ಅದು ಕಾಣುವುದಿಲ್ಲ, ಇಳಿತದಲ್ಲಿ ಕಾಣುವ ಹೊತ್ತಿಗೆ ಬೋಟು ಅದರ ಮೇಲಿರುತ್ತದೆ. ದ್ವೀಪ ಹತ್ತಿರವಾದಂತೆ ತಾಂಡೇಲ ಎಂಜಿನ್ ತಗ್ಗಿಸಿದ. ಗಾಳಿ ಇಲ್ಲದ ಕಡೆ ನೊರೆ ಎದ್ದರೆ ಅಡಿಯಲ್ಲಿ ಕಲ್ಲಿದೆ ಎಂದು ಅರ್ಥ. ಅಲ್ಲದೆ ಕಡಿದಾದ ಬಂಡೆಗೆ ಬಡಿದ ಅಲೆ ಸುಮ್ಮನೆ ಸಾಯುವುದಿಲ್ಲ, ತಿರುಗಿ ಬರುತ್ತದೆ. ಹೋಗುವ ಅಲೆಗೂ ಬರುವ ಅಲೆಗೂ ನಡುವೆ ಸಿಕ್ಕ ಬೋಟು ಎತ್ತ ಓಲಾಡಬೇಕೆಂದು ತಿಳಿಯದೆ ಎಲ್ಲ ಕಡೆಗೂ ಓಲಾಡುತ್ತದೆ. ಅಳಿಯನ ಉಳಿದ ಧೈರ್ಯವೂ ಇಲ್ಲೇ ಖರ್ಚಾಯಿತು.

ಉತ್ತರ ಯುರೋಪಿನವರು ಇಂಥ ನೀರಿನಲ್ಲಿ ಬೇಸಿಗೆ ರಜೆ ಕಳೆಯಲೆಂದೇ ಮೋಟಾರು ಬೋಟು ಕೊಳ್ಳುತ್ತಾರೆ. ಸ್ಟಾಕ್‌ಹೋಮಿನ ಆಚೆ ದ್ವೀಪ, ಬಂಡೆ ಎಲ್ಲ ಸೇರಿ ಸುಮಾರು 30,000. ನಾರ್ವೆಯವರು ಮುಳುಗುಬಂಡೆಗಳ ಮೇಲೆ ಕಬ್ಬಿಣದ ಕಂಬ ನೆಟ್ಟು, ಅದಕ್ಕೊಂದು ಕೈ ಹಚ್ಚಿ, ಆ ಕೈ ಸುರಕ್ಷಿತ ನೀರಿನತ್ತ ತೋರುವಂತೆ ಮಾಡಿದ್ದಾರೆ. ನೇತ್ರಾಣಿಯ ಬಳಿ ಆ ಕೈ ತಾಂಡೇಲನದೇ. ಒಂದರಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಬೀಡಿ. ಯಜಮಾನರ ದೃಷ್ಟಿಯಲ್ಲಿ ನಾರ್ವೆಯ ಕಂಬಕ್ಕಿಂತ ಇದೇ ಮೇಲು, ಕೇಳಿದ್ದಕ್ಕೆ ಉತ್ತರವಾದರೂ ಕೊಡುತ್ತದಲ್ಲ.

ನೇತ್ರಾಣಿಯಲ್ಲಿ ಕಾಲಿಡಲು ಮರಳದಂಡೆ ಇಲ್ಲ, ಸುತ್ತ ಕಡಿದಾದ ಬಂಡೆ. ಲಂಗರನ್ನೂ ಕಂಡಲ್ಲಿ ಎಸೆಯುವಂತಿಲ್ಲ, ಕೆಳಗೆ ಹವಳದ ಬದುಕಿದೆ. ಅದನ್ನು ನೋಡಲೆಂದೇ ಮುಳುಗುಗಾರರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಬರುತ್ತಾರೆ. ಇದೇ ಬಂಡೆಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೂ ಬಳಸಿಕೊಂಡಿತ್ತು. ಪರಿಸರದವರು ಬೇಡ ಬೇಡ ಎಂದು ಗುಲ್ಲೆಬ್ಬಿಸಿದ್ದರು. ಇಷ್ಟು ಚಿಕ್ಕ ದ್ವೀಪದ ಮೇಲೆ ಇಷ್ಟು ಜನರ ಕಣ್ಣು!

ಯಜಮಾನರ ಕಣ್ಣು ಮಾತ್ರ ಮೇಲಿನ ಆಡುಗಳ ಮೇಲೆ. ಮೀನುಗಾರರು ಹರಕೆಗೆಂದು ತಂದು ಬಿಟ್ಟವು, ಅಲ್ಲೇ ಮರಿ ಹಾಕಿ ಕಾಡಾಡುಗಳಾಗಿವೆ.

“ಕಾಯೋರಿಲ್ಲ, ಮೇವಿನ ಖರ್ಚಿಲ್ಲ. ಒಂದು ಮರಿ ಹಿಡ್ಕೊಂಡು ಹೋಗಾಕೆ ಬರಲ್ವಾ ತಮ್ಮಾ?”

“ದೇವರಿಗೆ ಬಿಟ್ಟದ್ದು ಮಾರಾಯ್ರೆ. ಮತ್ತೆ ಬೋಟಿಗೆ ಹತ್ತಿಸೂದು ಹೇಗೆ?”

“ಬಂದಿದ್ದೂ ಬೋಟಿನಾಗೇ ಅಲ್ವಾ?”

ಅಷ್ಟು ಹೊತ್ತು ಕಣ್ಣು ಮುಚ್ಚಿ ಮಲಗಿದ್ದ ಅಳಿಯ ತಲೆ ಎತ್ತಿದ. “ಮಾವಾರೆ, ನಾವು ತಗೊಂಡಿರೋದು ಎರಡೇ ಟಿಕೇಟು.”